ಮೊದಲ ಕಾರಾಗಿ ಮಾಜ್ಡಾ ಆರ್‌ಎಕ್ಸ್-8: ಎರಡೂವರೆ ವರ್ಷದ ನನ್ನ ಅನುಭವ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿರುವ, ನಮ್ಮ ದಾವಣಗೆರೆ ಕಡೆಯ ಇಪ್ಪತ್ತಮೂರು ವರ್ಷದ ಹುಡುಗನೊಬ್ಬ ಕಳೆದ ತಿಂಗಳು ಫೋನ್ ಮಾಡಿ, "ಅಣ್ಣಾ, ಎರಡು ಸಾವಿರ ಪೌಂಡಿಗೆ ಒಂದು ಆರ್‌ಎಕ್ಸ್-8 ಸಿಗ್ತಾ ಇದೆ, ತಗೊಳ್ಳಲಾ?" ಎಂದು ಕೇಳಿದ. 2019ರ ಆರಂಭದಲ್ಲಿ, ಕೊವೆಂಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸ ಹಿಡಿದಿದ್ದ ನಾನು ಇದೇ ಪ್ರಶ್ನೆಯನ್ನು ಹತ್ತಾರು ಜನರಿಗೆ ಕೇಳಿದ್ದೆ. ಅರ್ಧದಷ್ಟು ಜನ ಅದರ ಹತ್ತಿರವೂ ಸುಳಿಯಬೇಡ ಎಂದರು. ಉಳಿದವರು ವಯಸ್ಸಿದ್ದಾಗ ಓಡಿಸದಿದ್ದರೆ ಇನ್ಯಾವಾಗ ಎಂದರು. ನಾನು ದಿನಕ್ಕೆ ಎಷ್ಟು ದೂರ ಓಡಾಡುತ್ತೇನೆ, ರಾತ್ರಿ ಕಾರನ್ನು ಎಲ್ಲಿ ನಿಲ್ಲಿಸುತ್ತೇನೆ, ಅದು ಕೈಕೊಟ್ಟ ದಿನ ಕೆಲಸಕ್ಕೆ ಹೇಗೆ ಹೋಗುತ್ತೇನೆ ಎಂದು ಒಬ್ಬರೂ ಕೇಳಲಿಲ್ಲ. ಈ ಕಾರಿನ ವಿಷಯದಲ್ಲಿ ಎಲ್ಲವೂ ನಿಂತಿರುವುದು ಆ ಮೂರು ಪ್ರಶ್ನೆಗಳ ಮೇಲೆ ಎಂಬುದು ನನಗೆ ಕೊಂಡ ಮೇಲೆ ತಿಳಿಯಿತು. ಆದ್ದರಿಂದ ನನಗಾದದ್ದನ್ನು ಇದ್ದಂತೆಯೇ ಬರೆಯುತ್ತಿದ್ದೇನೆ.

2003ರಲ್ಲಿ ಬಂದ ಈ ಸ್ಪೋರ್ಟ್ಸ್ ಕಾರಿನ ಮಾರಾಟ, ಹೊಗೆಯ ನಿಯಮಗಳು ಬಿಗಿಯಾದ ಕಾರಣ, ಯುರೋಪಿನಲ್ಲಿ 2010ರಲ್ಲೇ ನಿಂತಿತು. 2012ರಲ್ಲಿ ತಯಾರಿಕೆಯೂ ಮುಗಿಯಿತು. ನಾಲ್ಕು ಜನ ಕೂರಬಹುದಾದ, ಹಿಂಬದಿಯ ಚಿಕ್ಕ ಬಾಗಿಲುಗಳು ಹಿಮ್ಮುಖವಾಗಿ ತೆರೆದುಕೊಳ್ಳುವ, ಕೇವಲ 1308 ಸಿಸಿಯ ಎಂಜಿನ್‌ನಿಂದ 231 ಅಶ್ವಶಕ್ತಿ ತೆಗೆಯುವ ಇಂಥ ಕಾರು ಈಗ ಸಾಧಾರಣ ಹಳೆಯ ಹ್ಯಾಚ್‌ಬ್ಯಾಕ್‌ನ ಬೆಲೆಗೆ ಸಿಗುತ್ತದೆಯೆಂದರೆ ಯಾರಿಗಾದರೂ ಆಸೆಯಾಗುವುದು ಸಹಜ. ಅದು ಅಷ್ಟು ಅಗ್ಗವಾಗಿರುವುದಕ್ಕೆ ಕಾರಣ, ಮುಂದೆ ಬರಲಿರುವ ಎಂಜಿನ್ ರಿಪೇರಿಯ ಖರ್ಚನ್ನು ಮಾರುಕಟ್ಟೆ ಆಗಲೇ ಆ ಬೆಲೆಯಿಂದ ಕಳೆದಿರುವುದು. ಆ ಖರ್ಚನ್ನು ಯಾರೋ ಒಬ್ಬರು ಹೊರಲೇಬೇಕು, ಮತ್ತು ಕೊನೆಯಲ್ಲಿ ಕೊಂಡವನೇ ಆ ಒಬ್ಬನಾಗುವ ಸಾಧ್ಯತೆ ಹೆಚ್ಚು.

ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಮುಂದಿನ ತೊಂದರೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ರೂಪಿಸಿದ, ರೋಟರಿ ಎಂದು ಕರೆಯುವ ಈ ಮಾದರಿಯ ಎಂಜಿನ್‌ನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ನಡು ತುಸು ಅಮುಕಿದಂತಿರುವ ಅಂಡಾಕಾರದ ಗೂಡಿನೊಳಗೆ, ಬದಿಗಳು ಉಬ್ಬಿದ ತ್ರಿಕೋನದಂಥ ರೋಟರ್ ಸುತ್ತುತ್ತದೆ. ಆರ್‌ಎಕ್ಸ್-8ರಲ್ಲಿ ಅಂಥ ಎರಡು ರೋಟರ್‌ಗಳಿವೆ. ತ್ರಿಕೋನದ ಪ್ರತಿ ಮೂಲೆಯಲ್ಲೂ ಒಂದು ಸಣ್ಣ ಕಾಲುವೆ, ಅದರಲ್ಲಿ ಒಂದು ತೆಳುವಾದ ಲೋಹದ ಪಟ್ಟಿ, ಅದರ ಹಿಂದೆ ಕೂದಲಿನಂಥ ಒಂದು ಸ್ಪ್ರಿಂಗ್. ಆ ಪಟ್ಟಿಯೇ ಏಪೆಕ್ಸ್ ಸೀಲ್. ಗೂಡಿನ ಗೋಡೆಗೆ ಅದು ಸದಾ ಉಜ್ಜಿಕೊಂಡೇ ಸಾಗಬೇಕಾದ್ದರಿಂದ, ಅದನ್ನು ತೇವವಾಗಿಡಲು ಒಂದು ಪಂಪು ಆಯಿಲನ್ನು ಗೂಡಿನೊಳಕ್ಕೆ ಹನಿಹನಿಯಾಗಿ ಬಿಡುತ್ತದೆ, ಮತ್ತು ಆ ಆಯಿಲ್ ಪೆಟ್ರೋಲಿನ ಜೊತೆಗೇ ಉರಿದುಹೋಗುತ್ತದೆ. ಬೇರೆ ಕಾರು ಆಯಿಲ್ ಕುಡಿದರೆ ಅದು ರೋಗ. ಇದು ಕುಡಿಯದಿದ್ದರೆ ರೋಗ. ನನ್ನ ಕಾರು ಸಾವಿರ ಮೈಲಿಗೆ ಹೆಚ್ಚುಕಡಿಮೆ ಒಂದು ಲೀಟರ್ ಕುಡಿಯುತ್ತಿತ್ತು. ಎರಡು ಸಲ ಪೆಟ್ರೋಲ್ ತುಂಬಿಸಿದಾಗ ಒಂದು ಸಲವಾದರೂ ಬಾನೆಟ್ ಎತ್ತಿ, ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು, ಹಳೆಯ ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ನೋಡುವುದು ನನಗೆ ಹಲ್ಲುಜ್ಜಿದಷ್ಟು ಸಹಜವಾಗಿಬಿಟ್ಟಿತ್ತು. ಇಷ್ಟನ್ನು ಮಾಡಲು ಬೇಸರಪಡುವವರು ಈ ಕಾರಿನ ಯೋಚನೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಕೊಳ್ಳುವಾಗ ನಾನು ಮಾಡಿದ ಎರಡು ಕೆಲಸಗಳು ಸರಿಯಾಗಿದ್ದವು. ಮೊದಲನೆಯದು, ಕಾರಿನ ನಂಬರ್ ಹಾಕಿ ಸರ್ಕಾರದ ಜಾಲತಾಣದಲ್ಲಿ ಅದರ ಎಂಒಟಿ ಇತಿಹಾಸವನ್ನು ಓದಿದ್ದು. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಪ್ರತಿ ಕಾರೂ ವರ್ಷಕ್ಕೊಮ್ಮೆ ಈ ತಪಾಸಣೆಗೆ ಹೋಗಬೇಕು. ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಯಾವುದಕ್ಕೆ ಫೇಲಾಯಿತು, ಹಿಂದಿನ ಚಕ್ರದ ಕಮಾನಿನಲ್ಲಿ ತುಕ್ಕು ಎಂದು ಯಾವಾಗ ಬರೆದರು, ಇವೆಲ್ಲ ಅಲ್ಲಿ ಉಚಿತವಾಗಿ ಸಿಗುತ್ತವೆ. ಎರಡನೆಯದು, ರೋಟರಿ ಎಂಜಿನ್‌ಗೆಂದೇ ಇರುವ ಯಂತ್ರದಲ್ಲಿ, ಎಂಜಿನ್ ಒಳಗೆ ಎಷ್ಟು ಒತ್ತಡ ಹಿಡಿಯುತ್ತದೆ ಎಂದು ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿದ್ದು. ಸಾಮಾನ್ಯ ಗ್ಯಾರೇಜಿನ ಗೇಜ್ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ರೋಟರ್‌ನ ಮೂರು ಮುಖಗಳಲ್ಲಿ ಅತಿ ಹೆಚ್ಚಿನ ಒತ್ತಡ ಯಾವುದೋ ಅದೊಂದನ್ನೇ ಅದು ಹಿಡಿದು ತೋರಿಸುತ್ತದೆ. ಸೋತ ಮುಖ ಅದರ ಹಿಂದೆ ಅಡಗಿಕೊಳ್ಳುತ್ತದೆ. ರೋಟರಿ ಟೆಸ್ಟರ್ ಮೂರು ಮುಖಗಳಿಗೂ ಬೇರೆ ಬೇರೆ ಅಂಕಿ ಕೊಡುತ್ತದೆ. ಕಂಪನಿಯ ಲೆಕ್ಕದಲ್ಲಿ 250 ಆರ್‌ಪಿಎಂಗೆ, ಅಂದರೆ ಎಂಜಿನ್ ನಿಮಿಷಕ್ಕೆ 250 ಸುತ್ತು ತಿರುಗುವಾಗ, ಕನಿಷ್ಠ 6.8 ಬಾರ್ ಒತ್ತಡ ಇರಬೇಕು. ನನ್ನ ಕಾರಿನ ಮುಂದಿನ ರೋಟರ್ 7.4ರ ಆಸುಪಾಸಿನಲ್ಲಿತ್ತು, ಹಿಂದಿನದು 7ರ ಹತ್ತಿರ. ಪಾಸಾದ ಕಾರು ಎಂದು ಸಂತೋಷಪಟ್ಟು 1,650 ಪೌಂಡಿಗೆ ಕೊಂಡೆ. ಹಿಂದಿನ ರೋಟರ್‌ನಲ್ಲಿ ಇನ್ನೆಷ್ಟು ಉಳಿದಿದೆ ಎಂದು ಆಗ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಖಾಸಗಿಯವರಿಂದ ಕೊಂಡದ್ದರಿಂದ, ವ್ಯಾಪಾರಿಯ ಬಳಿ ಕೊಂಡವರಿಗೆ ಕಾನೂನು ಕೊಡುವ, ದೋಷವಿದ್ದರೆ 30 ದಿನದೊಳಗೆ ಕಾರನ್ನು ಹಿಂದಿರುಗಿಸುವ ಹಕ್ಕೂ ನನಗಿರಲಿಲ್ಲ.

ವಿಮೆಯ ವಿಷಯದಲ್ಲಿ ನನ್ನ ಲೆಕ್ಕ ತಲೆಕೆಳಗಾಯಿತು. ಊರಿನಲ್ಲಿ ಹದಿನೆಂಟಕ್ಕೇ ಲೈಸೆನ್ಸ್ ಪಡೆದು, ಅಪ್ಪನ ಗಾಡಿಯನ್ನು ವರ್ಷಗಟ್ಟಲೆ ಓಡಿಸಿದ್ದೆ. ಆದರೆ ಭಾರತದ ಲೈಸೆನ್ಸಿನಲ್ಲಿ ಇಲ್ಲಿ ನೆಲೆಸಿದವರು ಓಡಿಸಬಹುದಾದದ್ದು 12 ತಿಂಗಳು ಮಾತ್ರ. ಆಮೇಲೆ ಇಲ್ಲಿನ ಪರೀಕ್ಷೆ ಪಾಸಾಗಬೇಕು, ಮತ್ತು ನಾನು ವಿಚಾರಿಸಿದ ವಿಮಾ ಕಂಪನಿಗಳ ಕಣ್ಣಿಗೆ ಅಂದಿನಿಂದಷ್ಟೇ ನಾನು ಚಾಲಕ. ಮೊದಲ ವರ್ಷದ ವಿಮೆ 1,480 ಪೌಂಡ್ ಆಯಿತು, ಅಂದರೆ ಹೆಚ್ಚುಕಡಿಮೆ ಇನ್ನೊಂದು ಕಾರಿನ ಬೆಲೆ. ರಸ್ತೆ ತೆರಿಗೆಯಲ್ಲಿ ಮಾತ್ರ ಅದೃಷ್ಟವಿತ್ತು. ಕಿಲೋಮೀಟರಿಗೆ 225 ಗ್ರಾಂಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುವ ಇಂಥ ಹಳೆಯ ಕಾರುಗಳಲ್ಲಿ, 2006ರ ಮಾರ್ಚ್ 23ಕ್ಕೂ ಮೊದಲು ನೋಂದಣಿಯಾದವು ಒಂದು ದರದಲ್ಲೇ ನಿಲ್ಲುತ್ತವೆ. ಆ ದಿನದಿಂದೀಚಿನವು ಅದರ ಒಂದೂವರೆ ಪಟ್ಟಿಗೂ ಹೆಚ್ಚು ಕಟ್ಟಬೇಕು. ನನ್ನದು 2005ರದು. ಒಂದೇ ಬಣ್ಣದ, ಒಂದೇ ಬೆಲೆಯ ಎರಡು ಕಾರುಗಳ ನಡುವೆ ಆ ದಿನಾಂಕವೊಂದೇ ವರ್ಷವರ್ಷವೂ ಇಷ್ಟು ವ್ಯತ್ಯಾಸ ತರುತ್ತದೆ ಎಂಬುದನ್ನು ಕೊಳ್ಳುವವರು ಮೊದಲೇ ಗಮನಿಸಬೇಕು.

2019ರ ನವೆಂಬರ್‌ನ ಒಂದು ಸಂಜೆ, ಪಕ್ಕದ ಮನೆಗೆ ಸಾಮಾನಿನ ಲಾರಿ ಬರುವುದಿತ್ತು. ನೆರೆಯವರು ಬಾಗಿಲು ತಟ್ಟಿ, ಕಾರನ್ನು ಸ್ವಲ್ಪ ಮುಂದೆ ತೆಗೆಯಲು ಸಾಧ್ಯವೇ ಎಂದು ಕೇಳಿದರು. ಹೊರಗೆ ಹೋಗಿ, ಸ್ಟಾರ್ಟ್ ಮಾಡಿ, ಎರಡು ಕಾರಿನ ಉದ್ದದಷ್ಟು ಮುಂದೆ ಒಯ್ದು, ಆಫ್ ಮಾಡಿ ಒಳಗೆ ಬಂದೆ. ಅರ್ಧ ನಿಮಿಷದ ಕೆಲಸ. ಮರುದಿನ ಬೆಳಗ್ಗೆ ಏಳೂವರೆಗೆ ಕೀಲಿ ತಿರುಗಿಸಿದರೆ ಎಂಜಿನ್ ಸುತ್ತಿತೇ ಹೊರತು ಹತ್ತಿಕೊಳ್ಳಲಿಲ್ಲ. ಪೆಟ್ರೋಲಿನ ವಾಸನೆ ಕಾರಿನೊಳಗೂ ತುಂಬಿತು. ತಣ್ಣಗಿನ ಎಂಜಿನ್‌ಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಆ ಪೆಟ್ರೋಲ್ ಗೂಡಿನಲ್ಲೇ ಉಳಿದು, ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಬಿಡುತ್ತದೆ. ಆಯಿಲ್ ಇಲ್ಲದೆ ಸೀಲುಗಳು ಒತ್ತಡ ಹಿಡಿಯುವುದಿಲ್ಲ. ಒತ್ತಡವಿಲ್ಲದೆ ಎಂಜಿನ್ ಹತ್ತುವುದಿಲ್ಲ. ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದು ಕ್ರ್ಯಾಂಕ್ ಮಾಡಿದರೆ ಪೆಟ್ರೋಲ್ ಬರುವುದು ನಿಲ್ಲುತ್ತದೆ, ಒಳಗಿನದು ಹೊರಬೀಳುತ್ತದೆ ಎಂಬುದು ನನಗೆ ಗೊತ್ತಾಗುವ ಹೊತ್ತಿಗೆ ಬ್ಯಾಟರಿ ಸತ್ತಿತ್ತು. ಪ್ರೊಬೇಷನ್ ಇನ್ನೂ ಮುಗಿಯದ ಆ ಕೆಲಸಕ್ಕೆ ಅಂದು ಎರಡು ಗಂಟೆ ತಡವಾಗಿ ಹೋದೆ.

ರೋಟರಿ ಎಂಜಿನ್ ಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ ಕಾರನ್ನು ಎತ್ತಿಸಿಕೊಂಡು ಹೋದೆ. ಅವರು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗಿನ ಪೆಟ್ರೋಲನ್ನು ಹೊರಹಾಕಿ, ಪ್ಲಗ್ ತೂತುಗಳಲ್ಲಿ ಸ್ವಲ್ಪ ಆಯಿಲ್ ಬಿಟ್ಟು, ಹೊಸ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರು. ಬಿಳಿ ಹೊಗೆಯ ಮೋಡವೊಂದು ಗ್ಯಾರೇಜಿನ ಬಾಗಿಲಿನಿಂದ ಆಚೆಗೆ ಹೋಯಿತು. ಬಿಲ್ಲು ಬರೆಯುತ್ತಾ ಅವರು ಕೇಳಿದ ಮೊದಲ ಪ್ರಶ್ನೆ, ಮನೆಯಿಂದ ನಿಮ್ಮ ಆಫೀಸು ಎಷ್ಟು ದೂರ ಎಂಬುದು. ಮೂರು ಮೈಲಿ ಎಂದೆ. ಅವರು ಪೆನ್ನು ಕೆಳಗಿಟ್ಟು, ಹಾಗಾದರೆ ನಾಳೆಯಿಂದ ಇದರಲ್ಲಿ ಆಫೀಸಿಗೆ ಹೋಗಬೇಡಿ ಎಂದರು.

ಆ ಮಾತಿನ ಅರ್ಥ ನನಗೆ ನಿಧಾನವಾಗಿ ತಿಳಿಯಿತು. ಮೂರು ಮೈಲಿಯಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ದಿನಕ್ಕೆರಡು ಬಾರಿ ತಣ್ಣಗೆ ಹತ್ತಿ ಬೆಚ್ಚಗಾಗುವ ಮೊದಲೇ ಆರಿಹೋಗುವ ಎಂಜಿನ್‌ನಲ್ಲಿ ಮಸಿ ಕೂರುತ್ತದೆ, ಆ ಮಸಿ ಸೀಲುಗಳನ್ನು ಅವುಗಳ ಕಾಲುವೆಯಲ್ಲೇ ಕಚ್ಚಿ ಹಿಡಿಯುತ್ತದೆ. ಪೂರ್ತಿ ಬಿಸಿಯಾದ ಮೇಲೆ ಆಗಾಗ ಆರ್‌ಪಿಎಂ ಮುಳ್ಳನ್ನು ಮೇಲಕ್ಕೇರಿಸಿ ಓಡಿಸಿದರಷ್ಟೇ ಅದು ಉರಿದು ಹೋಗುತ್ತದೆ. ಅಂದರೆ ಈ ಕಾರಿಗೆ ಬೇಕಾದದ್ದು ದೂರದ ಓಡಾಟ, ಖಾಲಿ ರಸ್ತೆ, ಆತುರವಿಲ್ಲದ ಬೆಳಗು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರ ಬದುಕಿನಲ್ಲಿ ಇರುವುದು ಇದಕ್ಕೆ ತದ್ವಿರುದ್ಧ: ಆಫೀಸಿಗೆ ಹತ್ತಿರದಲ್ಲಿ ಬಾಡಿಗೆ ಕೋಣೆ, ರಸ್ತೆ ಬದಿಯ ಪಾರ್ಕಿಂಗ್, ಹತ್ತು ನಿಮಿಷದ ಓಡಾಟಗಳು. ಕಾರು ಕೆಟ್ಟದ್ದಲ್ಲ, ಹುಡುಗ ಬೇಜವಾಬ್ದಾರನೂ ಅಲ್ಲ. ಇಬ್ಬರ ದಿನಚರಿ ಒಂದಕ್ಕೊಂದು ಹೊಂದುವುದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ಕಾರನ್ನು ಓಡಿಸುವುದಿಲ್ಲವೆಂದು ಬರೆದುಕೊಟ್ಟರೆ ತೆರಿಗೆ ಕಟ್ಟಬೇಕಿಲ್ಲ, ಆದರೆ ಆಗ ಕಾರು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲುವಂತಿಲ್ಲ. ಸ್ವಂತ ಜಾಗವಿಲ್ಲದ ನಾನು ನಿಂತ ಕಾರಿಗೂ ತೆರಿಗೆ, ವಿಮೆ ಎರಡನ್ನೂ ಕಟ್ಟುತ್ತಾ ಹೋದೆ.

ಮೆಕ್ಯಾನಿಕ್ ಹೇಳಿದಂತೆ ಆಫೀಸಿಗೆ ಬಸ್ಸು ಹಿಡಿದೆ; ಕಾರನ್ನು ಶನಿವಾರಗಳಿಗೆ ಮೀಸಲಿಟ್ಟೆ. ಆ ಶನಿವಾರಗಳನ್ನು ನೆನೆದರೆ ಈಗಲೂ ಮನಸ್ಸು ಅರಳುತ್ತದೆ. ಎ5 ಹೆದ್ದಾರಿ ಹಿಡಿದು ವೇಲ್ಸ್‌ನ ಲ್ಯಾಂಗೋಲೆನ್‌ವರೆಗೆ ಹೋಗಿ, ಅಲ್ಲಿಂದ ಹಾರ್ಸ್‌ಶೂ ಪಾಸ್ ಎಂಬ ಬೆಟ್ಟದ ದಾರಿ ಹತ್ತುವಾಗ ಸ್ಟಿಯರಿಂಗ್ ಕೈಗೆ ಹೇಳುತ್ತಿದ್ದ ರಸ್ತೆಯ ಸುದ್ದಿ, ತಿರುವಿನಲ್ಲಿ ಮುಂದಿನ ಚಕ್ರಗಳು ನೋಡಿದ ಕಡೆಗೇ ಹೊರಳುತ್ತಿದ್ದ ರೀತಿ, ಬೇರೆ ಎಂಜಿನ್‌ಗಳು ದಣಿಯುವ ಹಂತದಲ್ಲಿ ಈ ಎಂಜಿನ್ ನಡುಕವೇ ಇಲ್ಲದೆ ಏರುತ್ತಾ ಹೋಗಿ, 9,000 ಆರ್‌ಪಿಎಂನ ಕೆಂಪು ಗೆರೆಗೆ ಸ್ವಲ್ಪ ಮೊದಲು ಗೇರು ಬದಲಿಸೆಂದು ಬೀಪ್ ಕೊಡುತ್ತಿದ್ದದ್ದು, ಇವನ್ನು ಅನುಭವಿಸಿದವನಾಗಿ ಈ ಕಾರನ್ನು ಸುಮ್ಮನೆ ತೆಗಳಲು ನನ್ನಿಂದಾಗದು. 1991ರ ಲ ಮಾನ್ 24 ಗಂಟೆಗಳ ಓಟವನ್ನು ನಾಲ್ಕು ರೋಟರ್‌ಗಳ ಮಾಜ್ಡಾ 787ಬಿ ಗೆದ್ದದ್ದು ಏಕೆ ಇಂದಿಗೂ ಜನರ ಮಾತಿನಲ್ಲಿದೆ ಎಂಬುದು ಆ ಬೆಟ್ಟದಲ್ಲಿ ನನಗೆ ಅರ್ಥವಾಯಿತು.

ಖರ್ಚಿನ ಪುಸ್ತಕದಲ್ಲಿ ದೊಡ್ಡದಾಗಿ ಉಳಿದದ್ದು ವಿಮೆ ಮತ್ತು ಪೆಟ್ರೋಲ್. ಲೀಟರಿಗೆ ಏಳು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಅದರ ನಂತರ ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್‌ಗಳು. ನಾಲ್ಕನ್ನೂ ಒಮ್ಮೆಲೇ ಬದಲಿಸಿದೆ. ಕಾಯಿಲ್ ಸೋತರೆ ಪೆಟ್ರೋಲ್ ಉರಿಯದೆ ಸೈಲೆನ್ಸರಿನ ಕಡೆಗೆ ಹೋಗುತ್ತದೆ, ಅಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅತಿಯಾಗಿ ಕಾದು ಕಟ್ಟಿಕೊಳ್ಳುತ್ತದೆ, ಹೊಗೆ ಹೊರಹೋಗದೆ ಶಾಖ ಎಂಜಿನ್‌ಗೇ ಮರಳುತ್ತದೆ. ಹೀಗೆ ಸಣ್ಣ ಖರ್ಚನ್ನು ಮುಂದೂಡಿದವರು ದೊಡ್ಡದನ್ನು ತಂದುಕೊಳ್ಳುತ್ತಾರೆ. 2021ರ ಬೇಸಿಗೆಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ ಬಿಸಿ ಎಂಜಿನ್ ಮತ್ತೆ ಹತ್ತಲು ಹೆಚ್ಚು ಹೊತ್ತು ತೆಗೆದುಕೊಳ್ಳತೊಡಗಿತು. ಬಿಸಿಯಲ್ಲಿ ತಡವಾಗಿ ಹತ್ತುವುದು ಕಂಪ್ರೆಷನ್ ಇಳಿಯುತ್ತಿರುವುದರ ಮೊದಲ ಸುಳಿವು. ಟೆಸ್ಟ್ ಮಾಡಿಸಿದಾಗ ಹಿಂದಿನ ರೋಟರ್ 6.6 ತೋರಿಸಿತು. ಎಂಜಿನ್ ಬಿಚ್ಚಿ ಕಟ್ಟಲು 3,400 ಪೌಂಡ್ ಎಂದರು. ಊರಿಗೆ ಹಣ ಕಳಿಸುತ್ತಾ, ಬಾಡಿಗೆ ಕಟ್ಟುತ್ತಾ ಅಷ್ಟನ್ನು ಕೂಡಿಟ್ಟಿರಲಿಲ್ಲ. ಟೆಸ್ಟಿನ ಕಾಗದವನ್ನು ಮುಚ್ಚಿಡದೆ ಕೈಗಿಟ್ಟು, ಸ್ವಂತ ಗ್ಯಾರೇಜೂ ದಿನಬಳಕೆಗೆ ಬೇರೆ ಕಾರೂ ಇದ್ದ ಒಬ್ಬರಿಗೆ 900 ಪೌಂಡಿಗೆ ಕೊಟ್ಟೆ.

ಲೆಸ್ಟರ್‌ನ ಹುಡುಗನಿಗೆ ನಾನು ಮೂರು ಪ್ರಶ್ನೆಗಳನ್ನೇ ಕೇಳಿದೆ. ಆಫೀಸು ಎರಡು ಮೈಲಿ, ಪಾರ್ಕಿಂಗ್ ರಸ್ತೆಯಲ್ಲಿ, ರಾತ್ರಿ ಪಾಳಿ ಮುಗಿಯುವಾಗ ಬಸ್ಸಿಲ್ಲ. ಕಾರಿನ ಬೆಲೆಯಷ್ಟೇ ಮತ್ತೊಂದು ಮೊತ್ತ ಬ್ಯಾಂಕಿನಲ್ಲಿ ಮುಟ್ಟದೆ ಇಡಲಾಗುತ್ತದೆಯೇ ಎಂದು ಕೇಳಿದ್ದಕ್ಕೆ ಅವನು ಸುಮ್ಮನಾದ. ಮೊದಲು ಆ ಕಾರಿನ ನಂಬರ್ ಹಾಕಿ ವಿಮೆಯ ದರ ತೆಗೆಸು, ಅನಂತರ ಮಾತಾಡೋಣ ಎಂದೆ. ಅರ್ಧ ಗಂಟೆಯಲ್ಲಿ ಅವನೇ ಮರಳಿ ಫೋನ್ ಮಾಡಿ, ವಿಮೆಯೇ ಕಾರಿಗಿಂತ ದುಬಾರಿ ಅಣ್ಣಾ ಎಂದ. ಸದ್ಯಕ್ಕೆ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕೊಂಡಿದ್ದಾನೆ. ವಿಮೆಯ ಕ್ಲೇಮ್ ಇಲ್ಲದೆ ಎರಡು ವರ್ಷ ಕಳೆದ ಮೇಲೆ, ಯಾವ ಗ್ಯಾರೇಜಿನವರೂ ಮುಟ್ಟಬಲ್ಲ ಸಾಮಾನ್ಯ ಪಿಸ್ಟನ್ ಎಂಜಿನ್‌ನ, ಮಾಜ್ಡಾದ್ದೇ ಇನ್ನೊಂದು ಸ್ಪೋರ್ಟ್ಸ್ ಕಾರಾದ ಎಂಎಕ್ಸ್-5 ನೋಡಲು ಇಬ್ಬರೂ ಕೂಡಿ ಹೋಗುವುದೆಂದು ಮಾತಾಗಿದೆ. ಅದರಲ್ಲಿ ಬಾಗಿಲ ಕೆಳಗಿನ ಸಿಲ್‌ಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಟಾರ್ಚ್ ನಾನೇ ತರುತ್ತೇನೆಂದು ಹೇಳಿದ್ದೇನೆ.