ಮಂಗಳೂರಿನಿಂದ ಅಗತ್ತಿಗೆ ನಾನು ಹಾಕಿದ ಲೆಕ್ಕ

ಲಕ್ಷದ್ವೀಪದ ಅಗತ್ತಿ ದ್ವೀಪಕ್ಕೆ ಹೋಗಿಬಂದ ಮೇಲೆ ಎಲ್ಲರೂ ಕೇಳುವುದು ಒಂದೇ: "ಎಷ್ಟು ದೂರ ಮಾರಾಯ್ರೆ, ಎಷ್ಟು ಹೊತ್ತು ಬೇಕು?" ಇವು ಎರಡು ಬೇರೆ ಬೇರೆ ಪ್ರಶ್ನೆಗಳು ಎಂದು ನನಗೆ ಗೊತ್ತಾಗಲು ಒಂದು ಪ್ರವಾಸವೇ ಬೇಕಾಯಿತು.

ಮೊದಲು ಫೋನಿನ ಮ್ಯಾಪ್‌ನಲ್ಲಿ ದಾರಿ ಕೇಳಿದೆ. ನಡುವೆ ಸಮುದ್ರ, ದಾರಿ ಎಲ್ಲಿಂದ ಬರಬೇಕು? ಆಮೇಲೆ ಅಕ್ಷಾಂಶ, ರೇಖಾಂಶ ಹಿಡಿದು ಕುಳಿತೆ. ಒಂದು ಡಿಗ್ರಿ ಅಂದರೆ ನಮ್ಮ ಭಾಗದಲ್ಲಿ ಹೆಚ್ಚುಕಡಿಮೆ 110 ಕಿ.ಮೀ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಸಾಕು. ಕೊಚ್ಚಿಯಿಂದ ಅಗತ್ತಿಗೆ 460ರ ಆಸುಪಾಸು ಬಂತು. ಸರಕಾರಿ ಲೆಕ್ಕದಲ್ಲಿ 459. ಕುತೂಹಲಕ್ಕೆ ಮಂಗಳೂರಿನಿಂದಲೂ ಅಳೆದೆ: ಬರೀ 365! ಅಮಿನಿ ದ್ವೀಪವಂತೂ 300. ಸುಮ್ಮನಲ್ಲ, ಅಮಿನಿ, ಕಡಮತ್, ಕಿಲ್ತಾನ್ ಎಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಆದರೆ ನಾನು ಹೊರಟಾಗ ವಿಮಾನ ಇದ್ದದ್ದು ಕೊಚ್ಚಿಯಿಂದ. ಹಾಗಾಗಿ ಸಂಜೆ ರೈಲು ಹತ್ತಿ, ನಡುರಾತ್ರಿ ಕಳೆದ ಮೇಲೆ ಕೊಚ್ಚಿ ಹತ್ತಿರದ ಆಲುವಾದಲ್ಲಿ ಇಳಿದು, ವಿಮಾನ ನಿಲ್ದಾಣದ ಕುರ್ಚಿಯಲ್ಲಿ ತೂಕಡಿಸಿದೆ. ಪರ್ಮಿಟ್ ಮೊದಲೇ ಮಾಡಿಸಿಕೊಂಡಿದ್ದೆ. ಅದಿಲ್ಲದೆ ದ್ವೀಪದಲ್ಲಿ ಕಾಲಿಡುವಂತಿಲ್ಲ.

ಹೋಗುವುದು ಎಟಿಆರ್, ರೆಕ್ಕೆಗೆ ಫ್ಯಾನ್ ಕಟ್ಟಿದಂಥ ವಿಮಾನ. ಗಂಟೆಗೆ 500 ಕಿ.ಮೀ. ವೇಗ ಅಂದುಕೊಂಡರೆ 55 ನಿಮಿಷ ಸಾಕು. ಟಿಕೆಟಿನಲ್ಲಿ ಮಾತ್ರ ಒಂದು ಗಂಟೆ 25 ನಿಮಿಷ. ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು? ಕಿಟಕಿ ಪಕ್ಕ ಕುಳಿತು ಕೈಗಡಿಯಾರ ನೋಡುತ್ತ ಬರೆದಿಟ್ಟುಕೊಂಡೆ. ಚಕ್ರ ನೆಲ ಬಿಟ್ಟಲ್ಲಿಂದ ಮುಟ್ಟುವವರೆಗೆ 68 ನಿಮಿಷ. ಏರುವಾಗ, ಇಳಿಯುವಾಗ ಪೂರ್ತಿ ವೇಗ ಇರುವುದಿಲ್ಲವಲ್ಲ. ಮಿಕ್ಕಿದ್ದು ನೆಲದ ಮೇಲೆ ಉರುಳಿದ್ದು, ಸರದಿ ಕಾದಿದ್ದು. ಟಿಕೆಟಿನ ಸಮಯ ಹೊರಟ ಜಾಗದಿಂದ ನಿಲ್ಲುವ ಜಾಗದವರೆಗಿನದು. ಏರೋಪ್ಲೇನ್ ಮೋಡ್‌ನಲ್ಲೂ ಫೋನಿನ ಜಿಪಿಎಸ್ ಕಿಟಕಿ ಹತ್ತಿರ ಕೆಲಸ ಮಾಡುತ್ತದೆ. ಕಡಲ ನಡುವೆ ಆ ನೀಲಿ ಚುಕ್ಕೆ ತೆವಳುವುದನ್ನು ನೋಡುವುದೇ ಒಂದು ಮಜಾ.

ದೊಡ್ಡ ಜೆಟ್ ಯಾಕಿಲ್ಲ ಅನ್ನುವುದು ಇಳಿಯುವಾಗ ಕಂಡಿತು. ರನ್‌ವೇ ಸುಮಾರು 1,200 ಮೀಟರ್, ಎರಡೂ ಬದಿಗೆ ನೀರು. ನಮ್ಮ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ್ದು 2,450 ಮೀಟರ್. ಅದನ್ನೇ ಗಿಡ್ಡ ಅನ್ನುತ್ತಿದ್ದವನು ನಾನು! ಇಷ್ಟು ಗಿಡ್ಡ ರನ್‌ವೇಯಲ್ಲಿ ತೂಕಕ್ಕೂ ಮಿತಿ ಇರಲೇಬೇಕು. ಹಲಸಿನ ಹಪ್ಪಳದ ಕಟ್ಟು ಬ್ಯಾಗಿನಲ್ಲಿ ಹೆಚ್ಚಾಗಿ ಕೊಚ್ಚಿಯಲ್ಲಿ ದುಡ್ಡು ತೆತ್ತದ್ದು ಬೇರೆ ಕತೆ.

ಮನೆ ಬಾಗಿಲಿನಿಂದ ಅಗತ್ತಿಯ ಮರಳಿನವರೆಗೆ ಒಟ್ಟು 18 ಗಂಟೆ. ಅದರಲ್ಲಿ ಗಾಳಿಯಲ್ಲಿದ್ದದ್ದು 68 ನಿಮಿಷ.

2024ರಲ್ಲಿ ಬೆಂಗಳೂರಿನಿಂದ ನೇರ ವಿಮಾನ ಶುರುವಾದಾಗ ಮತ್ತೆ ಪೆನ್ಸಿಲ್ ಹಿಡಿದೆ. ಸುಮಾರು 655 ಕಿ.ಮೀ., ಅಂದರೆ ಒಂದು ಗಂಟೆ 20 ನಿಮಿಷ. ಮೇಲೆ ನನ್ನ ಅರ್ಧ ಗಂಟೆ ಸೇರಿಸಿದರೆ ಒಂದು ಗಂಟೆ 50. ಬೆಂಗಳೂರಿನವರಿಗೆ ಇದು ವರ. ನಾನಾದರೋ ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತಿ ಪೂರ್ವಕ್ಕೆ 350 ಕಿ.ಮೀ. ಹೋಗಿ, ಬೆಳಿಗ್ಗೆ ಅಷ್ಟನ್ನೂ ಪಶ್ಚಿಮಕ್ಕೆ ವಾಪಸು ಹಾರಬೇಕು. ನಮ್ಮ ಹಳೆ ಬಂದರಿನಿಂದ ಅದೇ ದ್ವೀಪಗಳಿಗೆ ತರಕಾರಿ, ಅಕ್ಕಿ ತುಂಬಿದ ಮಂಜಿಗಳು, ಅಂದರೆ ಸರಕಿನ ದೋಣಿಗಳು, ನೇರ ಹೋಗುತ್ತವೆ.