ಚಂದ್ರನ ಸುತ್ತ ತೊಳೆದ ಫಿಲ್ಮು, ನನ್ನ ಮನೆಯ ಕಂಪ್ಯೂಟರಿನಲ್ಲಿ

ಮೂವತ್ತು ವರ್ಷ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಫಿಲ್ಮ್ ತೊಳೆದವನು ನಾನು. ಡೆವಲಪರ್, ಫಿಕ್ಸರ್, ನೀರು, ಆಮೇಲೆ ಕ್ಲಿಪ್ ಹಾಕಿ ಒಣಗಿಸೋದು. ಇದೇ ಕೆಲಸವನ್ನು 1966ರಲ್ಲಿ ಒಂದು ನೌಕೆ ಚಂದ್ರನನ್ನು ಸುತ್ತುತ್ತಲೇ ಮಾಡಿ ಮುಗಿಸಿತ್ತು ಎಂದು ತಿಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅದು ನಾಸಾದ ಲೂನಾರ್ ಆರ್ಬಿಟರ್-1. ಮನುಷ್ಯರನ್ನು ಹೊತ್ತ ಅಪೋಲೋ ನೌಕೆ ಚಂದ್ರನ ಮೇಲೆ ಇಳಿಯಲು ಜಾಗ ಹುಡುಕಬೇಕಿತ್ತು. ಆಗಸ್ಟ್ 10ಕ್ಕೆ ಹೊರಟು 14ಕ್ಕೆ ಚಂದ್ರನ ಕಕ್ಷೆ ಸೇರಿತು. ಒಳಗೆ ಕೊಡಕ್‌ನವರ ಕ್ಯಾಮೆರಾ, 70 ಮಿ.ಮೀ. ಫಿಲ್ಮು. ತೂಕವೇ ಇಲ್ಲದ ಕಡೆ ಟ್ರೇನಲ್ಲಿ ದ್ರಾವಣ ನಿಂತೀತೇ? ಅದಕ್ಕೇ ರಾಸಾಯನಿಕದಲ್ಲಿ ನೆನೆಸಿದ ಇನ್ನೊಂದು ಪಟ್ಟಿಯನ್ನು ಫಿಲ್ಮಿಗೆ ಒತ್ತಿ ತೊಳೆಯುವ ಏರ್ಪಾಡು ಮಾಡಿದ್ದರು. ಒಣಗಿದ ಮೇಲೆ ಮಿಲಿಮೀಟರಿನ 200ರಲ್ಲಿ ಒಂದು ಪಾಲಿನಷ್ಟು ಸಣ್ಣ ಬೆಳಕಿನ ಚುಕ್ಕೆ ಅದರ ಮೇಲೆ ಓಡಿ, ಕಪ್ಪು ಬಿಳುಪನ್ನು ರೇಡಿಯೋದಲ್ಲಿ ಕಳಿಸಿತು. ಇಲ್ಲಿ ಭೂಮಿಯಲ್ಲಿ ಅದನ್ನು 35 ಮಿ.ಮೀ. ಫಿಲ್ಮ್ ಪಟ್ಟಿಗಳಾಗಿ ಮೂಡಿಸಿ ಪಕ್ಕಪಕ್ಕ ಜೋಡಿಸಿದರು. ಚಿತ್ರದ ತುಂಬಾ ಕಾಣುವ ಗೆರೆಗಳು ಬಂದದ್ದು ಹೀಗೆ.

ಆ ಗೆರೆಗಳನ್ನು ಕಂಪ್ಯೂಟರಿನಲ್ಲಿ ತೆಗೆಯಲು ನಾನು ಕೈಗೆತ್ತಿಕೊಂಡದ್ದು ಆಗಸ್ಟ್ 23ರ ಚಿತ್ರ: ಚಂದ್ರನ ಅಂಚು, ಅದರಾಚೆ ಅರೆಬೆಳಕಿನ ಭೂಮಿ. ಮೊದಲ ಯೋಜನೆಯಲ್ಲಿ ಈ ಚಿತ್ರವೇ ಇರಲಿಲ್ಲ, ನೌಕೆಯನ್ನು ತಿರುಗಿಸುವ ಅಪಾಯಕ್ಕೆ ಒಪ್ಪಿಯೇ ತೆಗೆದದ್ದು.

ಮೊದಲು ಅವಸರಪಟ್ಟೆ. ಚಿತ್ರ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ ಗೆರೆಗಳ ಮೇಲೆ ಬ್ಲರ್ ಹಾಕಿ ಮಸುಕು ಮಾಡಿದೆ. ಗೆರೆ ಹೋಯಿತು, ಅದರ ಜೊತೆಗೆ ಸಣ್ಣ ಕುಳಿಗಳ ನೆರಳೂ ಹೋಯಿತು. ಮೂರು ದಿನದ ಕೆಲಸ ಅಳಿಸಿ ಮತ್ತೆ ಕೂತೆ.

ದೊಡ್ಡದು ಮಾಡಿ ನೋಡಿದಾಗ ದಾರಿ ಸಿಕ್ಕಿತು. ನೌಕೆಯ ಫಿಲ್ಮಿನ ಮೇಲೆ ಒಂದೊಂದು ಪಟ್ಟಿಯ ಅಗಲ 2.54 ಮಿ.ಮೀ., ಹಾಗಾಗಿ ಗೆರೆಗಳ ನಡುವಿನ ಅಂತರ ಒಂದೇ ಸಮ. ಪ್ರತಿ ಪಟ್ಟಿಯೂ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೆಚ್ಚುಕಡಿಮೆ ಒಂದೇ ಥರ ಕಪ್ಪಾಗುತ್ತಿತ್ತು. ಈ ದೋಷ ಚಂದ್ರನದ್ದಲ್ಲ, ಸ್ಕ್ಯಾನ್ ಮಾಡಿದ ಬೆಳಕಿನದ್ದು! ಪಟ್ಟಿಗಳನ್ನೆಲ್ಲ ಬೇರೆ ಬೇರೆ ಲೇಯರ್, ಅಂದರೆ ಪದರ, ಮಾಡಿ, ಒಂದರ ಮೇಲೊಂದಿಟ್ಟು ಸರಾಸರಿ ತೆಗೆದೆ. ಕುಳಿ, ದಿಣ್ಣೆಗಳೆಲ್ಲ ಒಂದರಲ್ಲೊಂದು ಕರಗಿ ಬೆಳಕಿನ ಏರಿಳಿತ ಮಾತ್ರ ಉಳಿಯಿತು. ಪ್ರತಿ ಪಟ್ಟಿಯನ್ನೂ ಅದರಿಂದ ಭಾಗಿಸಿದೆ.

ಜೋಡಣೆಗೆ ಇನ್ನೂ ತಾಳ್ಮೆ ಬೇಕು. ಒಂದು ಕುಳಿಯ ಅಂಚು ಎರಡು ಪಟ್ಟಿಗಳ ನಡುವೆ ಮುರಿದ ಬಳೆಯ ಹಾಗೆ ಕೂತಿತ್ತು. ಒಂದೊಂದೇ ಪಿಕ್ಸೆಲ್ ಸರಿಸುತ್ತಾ ಹೋದೆ. ಕೊನೆಗೆ ಅದು ಕೂಡಿಕೊಂಡಾಗ ಹೆಂಡತಿಯನ್ನು ಕೂಗಿ ಕರೆದೆ. ಅವಳು ಒಲೆ ಆರಿಸಿ ಬಂದು, ಬಹಳ ಹೊತ್ತು ನೋಡುತ್ತಾ ನಿಂತಳು.

ಇನ್ನೊಂದು ಫ್ರೇಮಿನಲ್ಲಿ ತೊಳೆಯುವಾಗಲೇ ಬಿದ್ದ ಕಲೆಗಳಿವೆ. ರಾಸಾಯನಿಕದ ಪಟ್ಟಿ ಫಿಲ್ಮಿಗೆ ಸರಿಯಾಗಿ ಅಂಟದಿದ್ದರೆ ಹೀಗಾಗುತ್ತದೆ, ನನ್ನ ಕೈ ಬಲ್ಲದು. ಅಕ್ಟೋಬರ್ 29ರಂದು, ಮುಂದಿನ ನೌಕೆಯ ರೇಡಿಯೋಗೆ ಅಡ್ಡಿಯಾಗದಿರಲೆಂದು ಈ ನೌಕೆಯನ್ನು ಚಂದ್ರನಿಗೇ ಅಪ್ಪಳಿಸಿದರು. ಮೂಲ ನೆಗೆಟಿವ್ ಅದರ ಜೊತೆಗೇ ಹೋಯಿತು. ಆ ಕಲೆಗಳನ್ನು ನಾನು ಮುಟ್ಟಿಲ್ಲ.