ಅರ್ಜಿ ಕರೆಯದೆ ಪ್ರಶಸ್ತಿ ಕೊಟ್ಟೆವು

“ಪ್ರಶಸ್ತಿಗೆ ಬೇರೆ ಧರ್ಮದವರು ಹೆಸರು ಬರೆದುಕೊಡಬೇಕಾ? ಒಂದು ಚೀಟಿಯೂ ಬರುವುದಿಲ್ಲ ಮಾರಾಯ್ರೆ” ಅಂದವರೇ ಜಾಸ್ತಿ. ಈ ವರ್ಷ ಇಪ್ಪತ್ತರ ಹತ್ತಿರ ಚೀಟಿ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳೂರಿನಲ್ಲಿ ನಮ್ಮದೊಂದು ಸಣ್ಣ ಬಳಗ. ಇನ್ನೊಬ್ಬರ ನಂಬಿಕೆಯ ಹಕ್ಕಿಗಾಗಿ ನಿಂತವರಿಗೆ ವರ್ಷಕ್ಕೊಂದು ಪ್ರಶಸ್ತಿ. ಮೊದಲು ಎಲ್ಲರ ಹಾಗೆ ಪೇಪರಿನಲ್ಲಿ ಅರ್ಜಿ ಕರೆದೆವು. ಬಂದದ್ದೆಲ್ಲ ವೇದಿಕೆಯಲ್ಲಿ ಕೂತು ಅಭ್ಯಾಸ ಇರುವವರ ಬಯೋಡೇಟಾ. ಒಬ್ಬರು ಸನ್ಮಾನದ ಆಲ್ಬಮ್ಮನ್ನೇ ಕಳಿಸಿದ್ದರು. ಹಾಲ್, ಮೈಕ್, ಫ್ಲೆಕ್ಸ್, ಸ್ಮರಣಿಕೆ, ಊಟ ಎಂದು ಅರುವತ್ತು ಸಾವಿರ ಚಿಲ್ಲರೆ ಹೋಯಿತು. ಪ್ರಶಸ್ತಿ ಪಡೆದವರ ಕೈಗೆ ಸಿಕ್ಕಿದ್ದು ಹತ್ತು ಸಾವಿರ. ಫ್ಲೆಕ್ಸಿನಲ್ಲಿ ತನ್ನ ಹೆಸರು ಸಣ್ಣದಾಯಿತೆಂದು ಪ್ರಾಯೋಜಕರೊಬ್ಬರು ಬಾಕಿ ದುಡ್ಡು ಕೊಡಲೇ ಇಲ್ಲ.

ಮುಲ್ಕಿಯ ಬಪ್ಪನಾಡು ದೇವಸ್ಥಾನವನ್ನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಕಟ್ಟಿಸಿದ ಕತೆ ಹೇಳದ ಸೌಹಾರ್ದ ಭಾಷಣ ನಮ್ಮಲ್ಲಿಲ್ಲ. ಕತೆ ಚೆಂದವೇ. ಆದರೆ ಅದನ್ನು ಹೇಳಿದವರ ಹತ್ತಿರವೇ ಬಾಡಿಗೆ ಮನೆ ಕೇಳಿ ನೋಡಿ, ಮೊದಲು ನಿಮ್ಮ ಹೆಸರು ಕೇಳುತ್ತಾರೆ. ಗಲಭೆಯಲ್ಲಿ ಬೇರೆ ಸಮುದಾಯದವರ ಜೀವ, ಆಸ್ತಿ ಉಳಿಸಿದವರಿಗೆಂದು ಕೇಂದ್ರ ಸರಕಾರ ಕಬೀರ್ ಪುರಸ್ಕಾರ ಮಾಡಿತ್ತು. ನಮಗೆ ಬೇಕಾದದ್ದು ಗಲಾಟೆ ಅಷ್ಟು ದೂರ ಹೋಗುವ ಮೊದಲೇ ಅಡ್ಡ ನಿಂತವರು.

ಹಾಗಾಗಿ ಅರ್ಜಿ ಬಿಟ್ಟು ಚೀಟಿ ಮಾಡಿದೆವು. ಬರೆಯುವವರು ಬೇರೆ ನಂಬಿಕೆಯವರೇ ಆಗಿರಬೇಕು. ಮೂರೇ ಪ್ರಶ್ನೆ: ಯಾರು, ಏನು ಮಾಡಿದರು, ಅದರಿಂದ ಅವರಿಗೆ ಏನು ನಷ್ಟ ಆಯಿತು. ಮೂರನೆಯದು ಖಾಲಿ ಇದ್ದರೆ ಚೀಟಿ ಬದಿಗೆ. ರಿಕ್ಷಾ ಪಾರ್ಕು, ಹಾಲಿನ ಸೊಸೈಟಿ, ಬಂದರಿನ ಧಕ್ಕೆಯಲ್ಲೆಲ್ಲ ಹಂಚಿದೆವು. ಚೀಟಿ ಬಂದ ಮೇಲೆ ನಿಜವೋ ಸುಳ್ಳೋ ಎಂದು ಹೇಗೆ ಪತ್ತೆ ಮಾಡುತ್ತೇವೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಮುಂದಿನ ವರ್ಷ ಅದಕ್ಕೂ ತಯಾರಿ ಮಾಡಿಕೊಂಡು ಬರುತ್ತಾರೆ!

ಕ್ಯೂಆರ್ ಕೋಡ್ ಕೂಡ ಇಟ್ಟು ನೋಡಿದೆವು. ಒಂದೇ ರಾತ್ರಿಯಲ್ಲಿ ಒಬ್ಬರದೇ ಹೆಸರು ನೂರಾರು ಸಲ ಬಂತು, ಯಾವುದೋ ವಾಟ್ಸಾಪ್ ಗ್ರೂಪಿನ ಕೆಲಸ. ತೆಗೆದುಬಿಟ್ಟೆವು. ತುಳು, ಬ್ಯಾರಿ, ಕೊಂಕಣಿಯಲ್ಲಿ ವಾಯ್ಸ್ ಮೆಸೇಜ್ ಕಳಿಸಿದರೂ ಆದೀತು ಎಂದದ್ದು ಮಾತ್ರ ಫಲ ಕೊಟ್ಟಿತು. ಮೂರರಲ್ಲೊಂದು ಪಾಲು ಹಾಗೇ ಬಂದದ್ದು.

ಆಯ್ಕೆ ಸಮಿತಿಗೆ ಸೇರುವವರಿಗೂ ಒಂದು ಪರೀಕ್ಷೆ ಇದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು. “ಅಂಥ ಮಕ್ಕಳ ಪರ ನಿಂತ ಮೇಷ್ಟ್ರಿಗೆ ಪ್ರಶಸ್ತಿ ಕೊಡುತ್ತೀರಾ?” ಎಂದು ಕೇಳುತ್ತೇನೆ. ಸೌಹಾರ್ದದ ದೊಡ್ಡ ಹೆಸರುಗಳಲ್ಲಿ ಅರ್ಧದಷ್ಟು ಅಲ್ಲೇ ಉದುರಿದವು. ದೇವರನ್ನೇ ನಂಬದವರ ಪರ ನಿಂತವರೂ ನಮ್ಮ ಲೆಕ್ಕಕ್ಕೆ ಬರುತ್ತಾರೆ ಅಂದಾಗ ಇನ್ನಿಬ್ಬರು ಎದ್ದು ಹೋದರು. ಸಂವಿಧಾನದ 25ನೇ ವಿಧಿ ಶುರುವಾಗುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ, ಅಲ್ವಾ?

ಈ ಸಲ ಆರಿಸಿದ್ದು ಸುರತ್ಕಲ್ ಕಡೆಯ ಒಬ್ಬ ಅಂಗಡಿಯವರನ್ನು. ಅವರ ಬಾಡಿಗೆಯವರು ಭಾನುವಾರ ಮನೆಯೊಳಗೆ ಪ್ರಾರ್ಥನೆ ಮಾಡುತ್ತಿದ್ದರು. ಖಾಲಿ ಮಾಡಿಸಿ ಎಂದು ಒತ್ತಡ ಬಂತು. ಇವರು ಜಗ್ಗಲಿಲ್ಲ. ತಿಂಗಳುಗಟ್ಟಲೆ ವ್ಯಾಪಾರ ಬಿತ್ತು. ಚೀಟಿ ಬರೆದದ್ದು ಆ ಬಾಡಿಗೆ ಮನೆಯ ಹೆಂಗಸು, ಮಗನ ಪೆನ್ಸಿಲಿನಲ್ಲಿ. ಮೂರನೇ ಪ್ರಶ್ನೆಗೆ “ದಿನಕ್ಕೆ ಎರಡು ಟ್ರೇ ಮೊಟ್ಟೆ ಹೋಗುತ್ತಿತ್ತು, ಈಗ ಒಂದೂ ಮುಗಿಯುವುದಿಲ್ಲ” ಎಂದು ಬರೆದಿದ್ದರು.

ಕೊಟ್ಟದ್ದು ಆಗಸ್ಟ್ 22ಕ್ಕೆ. ಧರ್ಮ, ನಂಬಿಕೆಯ ಕಾರಣಕ್ಕೆ ಹಿಂಸೆಗೆ ಸಿಕ್ಕವರನ್ನು ನೆನೆಯಲು ವಿಶ್ವಸಂಸ್ಥೆ 2019ರಲ್ಲಿ ಗೊತ್ತುಮಾಡಿದ ದಿನ ಅದು. ಹಾಲ್ ಇಲ್ಲ, ಶಾಲು ಇಲ್ಲ. ಅವರ ಮನೆಗೇ ಹೋಗಿ ಇಪ್ಪತ್ತೈದು ಸಾವಿರ ಕೊಟ್ಟು, ಚಾ ಕುಡಿದು ಬಂದೆವು. ಫೋಟೊ ಬೇಡ ಅಂದರು, ತೆಗೆಯಲಿಲ್ಲ. ಒಟ್ಟು ಖರ್ಚು ಮೂವತ್ತೆರಡೋ ಮೂವತ್ತಮೂರೋ ಸಾವಿರ.

ಮುಂದಿನ ಸಲ ಉಡುಪಿ, ಮಲ್ಪೆ, ಕಾಪು ಕಡೆಗೂ ಚೀಟಿ ಹೋಗಬೇಕು. ಹಂಚುವವರಿದ್ದರೆ ಬನ್ನಿ, ಬಸ್ ಚಾರ್ಜು ನಮ್ಮದು.